ಹದಿನಾಲ್ಕು ಪೌಂಡಿನ ಅವಮಾನ

ಕುಮಾರಿ ಸಿಂಥಿಯಾ ಅವರಿಗೆ,
ಮುಖ್ಯ ತರಬೇತುದಾರರು, ಮಕ್ಕಳ ಬಿಲ್ಲುಗಾರಿಕೆ ಶಿಬಿರ, ಮಂಗಳೂರು.
(ಪ್ರತಿ: ಶಕ್ತಿನಗರದ ನಮ್ಮ ಓಣಿಯ ವಾಟ್ಸಾಪ್ ಬಳಗದ ಸಮಸ್ತರಿಗೆ)

ಮಾನ್ಯರೇ,

ತಾವೂ, ತಮ್ಮ ಕೊರಳಲ್ಲಿ ಸದಾ ನೇತಾಡುವ ಸೀಟಿಯೂ, ಮೈದಾನದ ತುದಿಯಲ್ಲಿ ಯಾರ ಮೇಲೂ ದೂರು ಹೇಳದೆ ನಿಂತು ಮಕ್ಕಳ ಬಾಣಗಳಿಗೆ ಎದೆಯೊಡ್ಡುವ ಹುಲ್ಲಿನ ಗುರಿಹಲಗೆಗಳೂ ಕ್ಷೇಮವೆಂದು ಭಾವಿಸಿ, ಆ ಹಲಗೆಗಳಷ್ಟು ಸಹನೆ ನನಗಿಲ್ಲವಾದ್ದರಿಂದ, ವಯಸ್ಸಿನಲ್ಲಿ ಹಿರಿಯನಾದರೂ ಕೈಮುಗಿದೇ ಈ ದೂರನ್ನು ತಮ್ಮ ಸನ್ನಿಧಿಗೆ ಸಲ್ಲಿಸುತ್ತಿದ್ದೇನೆ.

ನನ್ನ ಹೆಸರು ನೋಣಯ್ಯ. ಬಂದರಿನ ಒಂದು ಸಗಟು ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಮೀನುಗಾರಿಕೆ ಬೋಟುಗಳಿಗೆ ಬೇಕಾದ ಹಗ್ಗ, ಸರಪಳಿ, ಕೊಕ್ಕೆ, ಬಲೆಯ ನೂಲು ಮಾರಿ ನಿವೃತ್ತನಾದವನು. ಹಗ್ಗವನ್ನು ಎರಡು ಬೆರಳ ನಡುವೆ ಉಜ್ಜಿ ಅದು ಎಷ್ಟು ಭಾರ ತಡೆಯುತ್ತದೆಂದು ನಾನು ಹೇಳುತ್ತಿದ್ದಾಗ, ಬೋಟಿನ ಮಾಲೀಕರು ಸುರುಳಿಯ ಮೇಲೆ ಅಚ್ಚಾದ ಅಂಕಿಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಇಂಥ ಮನುಷ್ಯನ ಮನೆಗೆ ಒಂದು ಬಿಲ್ಲು ಬೇಕಾದಾಗ ಅದನ್ನು ಆರಿಸುವ ಅಧಿಕಾರ ಯಾರದ್ದು ಎಂಬ ಪ್ರಶ್ನೆಯೇ ಏಳಬಾರದಿತ್ತು. ಎಬ್ಬಿಸಿದವರು ತಾವು.

ಬಿಲ್ಲು ಬೇಕಾದದ್ದು ನನ್ನ ಮೊಮ್ಮಗಳು ಅಕ್ಷಿತಾಳಿಗೆ. ಅವಳಿಗೆ ಹತ್ತು ವರ್ಷ; ಐದನೆಯ ತರಗತಿ ಮುಗಿಸಿದ್ದಾಳೆ. ಥ್ರೋಬಾಲ್ ಆಟದಲ್ಲಿ ಚೆಂಡು ತನ್ನ ಕಡೆಗೆ ಬಂದರೆ ಕಣ್ಣು ಮುಚ್ಚಿಕೊಳ್ಳುವವಳು, ಓಟದಲ್ಲಿ ಕೊನೆಗೆ ಬಂದು ಗೆರೆಯ ಬಳಿ ಹಗ್ಗ ಹಿಡಿದು ಕಾಯುತ್ತಿದ್ದ ಟೀಚರರಿಗೆ ‘ಸಾರಿ’ ಹೇಳಿ ಬರುವವಳು. ಮನೆಯಲ್ಲಿ ಯಾರೂ ಅವಳನ್ನು ಗದರಿಸುವುದಿಲ್ಲ. ಗದರಿಸುವುದಕ್ಕೆ ಮೊದಲೇ ಅವಳು ತಪ್ಪೊಪ್ಪಿಕೊಂಡಿರುತ್ತಾಳೆ. ನನ್ನ ಮಗ ರೋಷನನೂ ಸೊಸೆಯೂ ಕೆಲಸಕ್ಕೆ ಹೋಗುವವರಾದ್ದರಿಂದ, ಏಪ್ರಿಲಿನಲ್ಲಿ ತಮ್ಮ ಬೇಸಗೆ ಶಿಬಿರಕ್ಕೆ ಅವಳನ್ನು ಸ್ಕೂಟರಿನಲ್ಲಿ ಬಿಡುವ, ಕರೆತರುವ ಹೊಣೆ ನನ್ನದಾಯಿತು. ಶಿಬಿರದ ಎರಡನೆಯ ದಿನ ಮನೆಗೆ ಬರುವಾಗ, ಹಿಂದಿನ ಸೀಟಿನಿಂದ ಒಂದು ಸ್ವರ ಬಂತು:

“ಅಜ್ಜ, ನಂಗೆ ಇದು ಬರ್ತದೆ.”

ನಾನು ಸ್ಕೂಟರನ್ನು ಬದಿಗೆ ನಿಲ್ಲಿಸಿದೆ. ಹತ್ತು ವರ್ಷದಲ್ಲಿ ಈ ಮಗು ತನಗೆ ಏನಾದರೂ ಬರುತ್ತದೆ ಎಂದು ಹೇಳಿದ್ದು ಅದೇ ಮೊದಲು. “ಎಂತ ಬರ್ತದೆ ಮಗಾ?” ಎಂದೆ. “ಬಾಣ ಬಿಡ್ಲಿಕ್ಕೆ. ನಡುವಿನ ಹಳದಿಗೆ ತಾಗಿತು. ಎರಡು ಸಲ,” ಎಂದಳು, ಸಾರಿ ಹೇಳಲಿಲ್ಲ. ಮಾನ್ಯರೇ, ಆ ಕ್ಷಣದಲ್ಲೇ ಈ ಮಗುವಿಗೆ ಮಂಗಳೂರಿನಲ್ಲಿ ಸಿಗುವ ಅತ್ಯಂತ ಘನವಾದ ಬಿಲ್ಲನ್ನು ತಂದುಕೊಡುವುದೆಂದು ನಾನು ನಿಶ್ಚಯಿಸಿದೆ. ಇದರಲ್ಲಿ ತಪ್ಪು ಹುಡುಕುವ ಅಜ್ಜ ಈ ಜಿಲ್ಲೆಯಲ್ಲಿ ಇದ್ದರೆ ಅವರ ವಿಳಾಸ ಕೊಡಿ.

ಇಲ್ಲಿ ತಮ್ಮ ಮೊದಲನೆಯ ಅಪರಾಧ ಬರುತ್ತದೆ. ಈ ನಗರದಲ್ಲಿ ಮಗುವನ್ನು ಕರಾಟೆಗೆ ಸೇರಿಸಿದ ದಿನವೇ ಬಿಳಿ ಉಡುಪು ಕೊಳ್ಳಿಸುತ್ತಾರೆ, ಈಜಿಗೆ ಸೇರಿಸಿದ ದಿನವೇ ಟೋಪಿ ಮತ್ತು ಕನ್ನಡಕ, ಸಂಗೀತಕ್ಕೆ ಸೇರಿಸಿದರೆ ಮಂಚದಷ್ಟು ಉದ್ದದ ಕೀಬೋರ್ಡು. ಮರುದಿನ ನಾನು ಬಂದು “ಬಿಲ್ಲು ತರ್ತೇನೆ, ಯಾವುದು ತರ್ಬೇಕು?” ಎಂದು ವಿನಯದಿಂದ ಕೇಳಿದರೆ ತಾವು ಹೇಳಿದ್ದೇನು? “ಈಗ ಎಂತ ತರುದು ಬೇಡ ಅಂಕಲ್. ಮೂರು ತಿಂಗಳು ನಮ್ಮ ಬಿಲ್ಲಿನಲ್ಲೇ ಎಳೀಲಿ. ಮತ್ತೆ ನೋಡುವ.” ಒಬ್ಬ ಗ್ರಾಹಕನನ್ನು ಬರಿಗೈಯಲ್ಲಿ ಹಿಂದೆ ಕಳಿಸುವ ಈ ಪದ್ಧತಿಯನ್ನು ತಾವು ಬಂದರಿನಲ್ಲಿ ಒಂದು ವಾರ ಅನುಸರಿಸಿದ್ದರೆ ಅಂಗಡಿಗೆ ಬೀಗ ಬೀಳುತ್ತಿತ್ತು. ನಾನು ಬಿಡದೆ ನಿಂತದ್ದಕ್ಕೆ ತಾವು ಒಂದು ತುಂಡು ಕಾಗದದ ಮೇಲೆ ಹದಿನಾಲ್ಕು ಎಂಬ ಅಂಕಿಯನ್ನೂ, ಪಕ್ಕದಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರವನ್ನೂ ಬರೆದು ಕೊಟ್ಟು, “ಕೊಳ್ಳುದಾದ್ರೂ ಇದಕ್ಕಿಂತ ಹೆಚ್ಚು ಬೇಡ. ಮಗುವನ್ನು ಕರ್ಕೊಂಡು ಹೋಗಿ,” ಎಂದು ಸೀಟಿ ಊದುತ್ತಾ ಹೊರಟುಹೋದಿರಿ.

ಹದಿನಾಲ್ಕು ಪೌಂಡು! ಹೆದೆಯನ್ನು ಪೂರ್ತಿ ಎಳೆದು ಹಿಡಿಯಲು ಬೇಕಾದ ಬಲವನ್ನು ಪೌಂಡಿನಲ್ಲಿ ಲೆಕ್ಕ ಹಾಕುತ್ತಾರೆಂಬುದನ್ನು ನಾನು ಅಷ್ಟರಲ್ಲಿ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿದ್ದೆ. ಹದಿನಾಲ್ಕು ಪೌಂಡೆಂದರೆ ಆರೂವರೆ ಕಿಲೋ ಕೂಡ ಆಗುವುದಿಲ್ಲ. ಅಷ್ಟು ಭಾರದ ಬಂಗುಡೆ ಮೀನಿನ ಚೀಲವನ್ನು ನನ್ನ ಪತ್ನಿ ದೇಯಿ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮೀನು ಮಾರುವವಳೊಡನೆ ಜಗಳಾಡುತ್ತಾಳೆ. ಹಾಗಾಗಿ ತಾವು ಬಾಯಲ್ಲಿ ಏನೇ ಹೇಳಿದ್ದರೂ ಬರೆದದ್ದು ಕನಿಷ್ಠ ಮಿತಿಯೆಂದೂ, ‘ಎಲ್’ ಎಂದರೆ ಅಂಗಿಯ ಅಳತೆಯಂತೆ ಲಾರ್ಜ್ ಎಂದೂ ನಾನು ಅರ್ಥಮಾಡಿಕೊಂಡೆ, ದೇಯಿಗೂ ಹಾಗೆಯೇ ವಿವರಿಸಿದೆ. ಶಾಲೆಯ ಸಮವಸ್ತ್ರವನ್ನೂ ನಾವು ಎರಡು ಸೈಜು ದೊಡ್ಡದೇ ಹೊಲಿಸುವುದು. ಮಗು ಬೆಳೆಯುತ್ತದೆ, ಬಟ್ಟೆ ಬೆಳೆಯುವುದಿಲ್ಲ.

ಆಟದ ಸಾಮಾನಿನ ಅಂಗಡಿಯ ಅಫ್ರೋಝ್ ಸಹ ತಮ್ಮದೇ ಗುಂಪಿನವನೆಂದು ತೋರುತ್ತದೆ. “ಯಾರಿಗೆ ಸರ್? ಮಕ್ಕಳಿಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ, ಕೈ ಉದ್ದ ನೋಡ್ಬೇಕು,” ಎಂದು ಅವನೂ ರಾಗ ಎಳೆದ. ನಾನು ಅವನಿಗೆ ನನ್ನ ಮೂವತ್ತೆಂಟು ವರ್ಷದ ಅನುಭವವನ್ನು ಸಂಕ್ಷಿಪ್ತವಾಗಿ, ಅಂದರೆ ಮುಕ್ಕಾಲು ಗಂಟೆಯಲ್ಲಿ, ವಿವರಿಸಿದೆ. ಗೋಡೆಯ ಮೇಲಿದ್ದ ಕಪ್ಪು ಬಿಲ್ಲನ್ನು ತೋರಿಸಿ ಇಳಿಸು ಎಂದೆ. ಮೂವತ್ತೆಂಟು ಪೌಂಡು! ನನ್ನ ಸೇವೆಯ ಒಂದೊಂದು ವರ್ಷಕ್ಕೆ ಒಂದೊಂದು ಪೌಂಡು ಎಂಬಂತಿದ್ದ ಆ ಅಂಕಿಯನ್ನು ಕಂಡು ನನಗೆ ಮೈ ಜುಮ್ಮೆಂದಿತು. “ಸರ್, ಇದು ದೊಡ್ಡವರಿಗೆ,” ಎಂದ. “ಅವಳೂ ದೊಡ್ಡವಳಾಗ್ತಾಳೆ ಮಾರಾಯ,” ಎಂದೆ. ಸ್ಕೂಟರಿನಲ್ಲಿ ಹಿಡಿಸದ ಪೊಟ್ಟಣವಾದ್ದರಿಂದ ಸಿಟಿ ಬಸ್ಸಿನಲ್ಲೇ ತಂದೆ, ಕಂಡಕ್ಟರು “ಅಜ್ಜೆರೆ, ಅದಕ್ಕೊಂದು ಸೀಟು ಬೇಕಾ?” ಎಂದು ಕೇಳಿದ್ದನ್ನು ನಾನು ಗೌರವವೆಂದೇ ಸ್ವೀಕರಿಸಿದೆ.

ಮನೆಯಲ್ಲಿ ಆದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೆ ದೂರು ಪೂರ್ಣವಾಗಿರಬೇಕು. ರೋಷನ್ ಅರ್ಧಕ್ಕೆ ಎಳೆದು, ಆಫೀಸಿನ ಫೋನು ಬಂತೆಂದು ಬಿಟ್ಟುಬಿಟ್ಟ. ಫೋನು ಬಂದಿರಲಿಲ್ಲ. ದೇಯಿ ತುಳುವಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದು ಸೌಮ್ಯಗೊಳಿಸಿ ಬರೆಯುವುದಾದರೆ, “ಇದು ಎಂತ, ಬಟ್ಟೆ ಒಣಗಿಸ್ಲಿಕ್ಕಾ?” ಎಂಬುದು ಅದರ ಸಾರಾಂಶ. ಅಕ್ಷಿತಾ ಮಾತ್ರ ಬಿಲ್ಲನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಅದರ ಉದ್ದವನ್ನು ಕೆಳಗಿನಿಂದ ಮೇಲಕ್ಕೆ ನೋಡಿ, “ಚಂದ ಉಂಟು ಅಜ್ಜ,” ಎಂದಳು. ನನಗೆ ಅಷ್ಟು ಸಾಕಾಯಿತು.

ದಿನಾ ಸಂಜೆ ಅಂಗಳದಲ್ಲಿ ಅಭ್ಯಾಸ. ಮೊದಲ ದಿನವೇ ಅವಳು ಬಿಲ್ಲನ್ನು ಬಲಗೈಯಲ್ಲಿ ಹಿಡಿದು ಎಡಗೈಯಿಂದ ಹೆದೆ ಎಳೆಯಹೊರಟಳು. “ಟೀಚರ್ ಹೀಗೆ ಹೇಳಿಕೊಟ್ಟಿದ್ದಾರೆ ಅಜ್ಜ,” ಎಂದಳು. ಬರೆಯುವುದು ಬಲಗೈ, ಉಣ್ಣುವುದು ಬಲಗೈ, ಬಾಣಕ್ಕೆ ಮಾತ್ರ ಎಡಗೈಯೇ ಎಂದು ನಕ್ಕು ನಾನು ತಿದ್ದಿದೆ. ಇಷ್ಟೊಂದು ಮಕ್ಕಳ ನಡುವೆ ತಮಗೆ ಗಲಿಬಿಲಿಯಾಗಿರಬಹುದೆಂದು ತಮ್ಮನ್ನು ಕ್ಷಮಿಸಿಯೂ ಬಿಟ್ಟೆ. ಹೆದೆ ಅವಳ ಮೂಗಿನವರೆಗೂ ಬರುತ್ತಿರಲಿಲ್ಲ. ಬೆನ್ನು ಹಿಂದಕ್ಕೆ ಬಾಗುತ್ತಿತ್ತು, ಕಾಲು ನಡುಗುತ್ತಿತ್ತು, ತುಟಿ ಕಚ್ಚುತ್ತಿದ್ದಳು. “ಇನ್ನೂ ಸ್ವಲ್ಪ! ಇನ್ನೂ ಸ್ವಲ್ಪ!” ಎಂದು ನಾನು ಬೋಟು ದಡಕ್ಕೆ ಎಳೆಯುವವರಿಗೆ ಹೇಳುವಂತೆ ಹುರಿದುಂಬಿಸುತ್ತಿದ್ದೆ. ಒಂದು ವಾರದಲ್ಲಿ ಬೇಲಿಯಾಚೆ ಎರಡು ಬಾಣಗಳು ಹೋದವು. ಮೂರನೆಯದು ನೆರೆಮನೆಯ ಫಿಲಿಪರ ನೀರಿನ ಟಾಂಕಿಯನ್ನು ಸೇರಿತು. ಅವರು ಅದನ್ನು ತಂದುಕೊಟ್ಟು “ಟಾಂಕಿಯಲ್ಲಿ ಮೀನಿಲ್ಲ ನೋಣಯ್ಯಣ್ಣ,” ಎಂದಷ್ಟೇ ಹೇಳಿ ಹೋದರು.

ಎಂಟನೆಯ ದಿನದಿಂದ ಮಗು ಪೂರ್ತಿ ತೋಳಿನ ವೆಲ್ವೆಟ್ ಅಂಗಿ ಹಾಕತೊಡಗಿತು. ಶಾಲೆಯ ವಾರ್ಷಿಕೋತ್ಸವದ ನೃತ್ಯಕ್ಕೆ ಹೊಲಿಸಿದ್ದು ಅದು. ಮೇ ತಿಂಗಳ ಮಂಗಳೂರಿನಲ್ಲಿ, ಫ್ಯಾನಿನ ಕೆಳಗೆ ಕೂತವರೂ ಬನಿಯನ್ ಹಿಂಡುವ ಸೆಕೆಯಲ್ಲಿ, ವೆಲ್ವೆಟ್! ನಾನು ಅದನ್ನು ಹುಡುಗಿಯರ ಶೋಕಿ ಎಂದುಕೊಂಡೆ. ಮತ್ತೆರಡು ದಿನ ಕಳೆದು, ಹೊಟ್ಟೆನೋವು, ಶಿಬಿರಕ್ಕೆ ಹೋಗುವುದಿಲ್ಲ ಎಂದಳು. ಮರುದಿನ ತಲೆನೋವು. ಅದರ ಮರುದಿನ ನೋವಿನ ಹೆಸರನ್ನೂ ಹೇಳದೆ ಗೋಡೆಯ ಕಡೆ ತಿರುಗಿ ಮಲಗಿದಳು.

ತಲೆಗೆ ಎಣ್ಣೆ ಹಚ್ಚುವುದಕ್ಕೆಂದು ದೇಯಿ ಬಲವಂತವಾಗಿ ಅಂಗಿ ಬಿಚ್ಚಿಸಿದಳು. ಎಡ ಮುಂಗೈಯ ಒಳಭಾಗ ಮೊಣಕೈಯವರೆಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಿಟ್ಟ ಹೆದೆ ಪ್ರತಿಸಲ ಅಲ್ಲಿಗೇ ಬಡಿದಿತ್ತು. ದೇಯಿ ನನ್ನನ್ನು ಕರೆಯಲಿಲ್ಲ. ಮಗುವಿನ ಕೈಯನ್ನು ಹಿಡಿದುಕೊಂಡು ಬಂದು ನಾನು ಕೂತಿದ್ದ ಕುರ್ಚಿಯ ಕೈಮೇಲೆ ಇಟ್ಟಳು, ಅಷ್ಟೇ. “ಅಜ್ಜಿ, ಅಜ್ಜನಿಗೆ ಹೇಳ್ಬೇಡ ಅಂತ ಹೇಳಿದ್ದೆನಲ್ಲ,” ಎಂದು ಅಕ್ಷಿತಾ ಅಳತೊಡಗಿದಳು. ಟೀಚರಿಗೂ ಹೇಳಲಿಲ್ಲವಾ ಎಂದು ದೇಯಿ ಕೇಳಿದರೆ, “ಹೇಳಿದ್ರೆ ಅಜ್ಜನ ಬಿಲ್ಲು ಸರಿ ಇಲ್ಲ ಅಂತ ಆಗ್ತದೆ,” ಎಂದಳು.

ಮಾನ್ಯರೇ, ಮೂವತ್ತೆಂಟು ವರ್ಷದಲ್ಲಿ ನಾನು ಮಾರಿದ ಯಾವ ಹಗ್ಗವೂ ಯಾರ ಕೈಯನ್ನೂ ಹೀಗೆ ಕಂದಿಸಿರಲಿಲ್ಲ. ಆ ದಿನ ನಾನು ಊಟಕ್ಕೆ ಏಳಲಿಲ್ಲ. ಇದನ್ನು ಓಣಿಯ ಬಳಗದವರು ಓದುತ್ತಾರೆಂದು ತಿಳಿದೂ ಬರೆಯುತ್ತಿದ್ದೇನೆ.

ಮರುದಿನ ಬಿಲ್ಲನ್ನೂ ಮಗುವನ್ನೂ ನನ್ನನ್ನೂ ದೇಯಿ ಆಟೋದಲ್ಲಿ ತಮ್ಮ ಮೈದಾನಕ್ಕೆ ತಂದು ನಿಲ್ಲಿಸಿದಳು. ನಾನು ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದೆ. ತಕ್ಕ ಉತ್ತರಗಳನ್ನೂ ದಾರಿಯಲ್ಲಿ ಹೊಂದಿಸಿಕೊಂಡಿದ್ದೆ. ತಾವು ಬೈಯಲಿಲ್ಲ. ಇದು ತಮ್ಮ ಎರಡನೆಯ, ಮತ್ತು ಹೆಚ್ಚು ಕ್ರೂರವಾದ, ಅಪರಾಧ. ತಾವು ಮಗುವಿನ ಕೈಯನ್ನು ನೋಡಿದಿರಿ, ಮೆಲ್ಲಗೆ ಒತ್ತಿ ಮೂಳೆ ಸರಿಯಿದೆಯೆಂದು ಖಚಿತಪಡಿಸಿಕೊಂಡಿರಿ, ಆಮೇಲೆ ಅತ್ಯಂತ ಮರ್ಯಾದೆಯಿಂದ ನನ್ನ ಕಡೆ ತಿರುಗಿ, “ಅಂಕಲ್, ಇದನ್ನು ನೀವೊಮ್ಮೆ ಎಳೆದು ಹಿಡೀತೀರಾ? ಹತ್ತು ಎಣಿಸುವವರೆಗೆ. ಆದ್ರೆ ಬಿಡ್ಲಿಕ್ಕಿಲ್ಲ, ಬಾಣ ಇಲ್ಲದೆ ಬಿಟ್ರೆ ಬಿಲ್ಲು ಸೀಳ್ತದೆ,” ಎಂದಿರಿ. ಹನ್ನೊಂದು ಮಕ್ಕಳು ಸುತ್ತ ನಿಂತು ಗಟ್ಟಿಯಾಗಿ ಎಣಿಸಿದರು. ಎರಡಕ್ಕೆ ನನ್ನ ಮೊಣಕೈ ನಡುಗಿತು. ಮೂರಕ್ಕೆ ಬಿಲ್ಲೇ ನನ್ನನ್ನು ಎಳೆಯತೊಡಗಿತು. ನಾಲ್ಕನ್ನು ಮಕ್ಕಳು ದಯೆಯಿಂದ ಬೇಗ ಹೇಳಿದರೂ ನಾನು ಅದನ್ನು ತಲುಪಲಿಲ್ಲ.

“ಇವಳು ಇದನ್ನು ದಿನಕ್ಕೆ ಅರುವತ್ತು ಸಲ ಎಳೀಬೇಕು ಅಂಕಲ್,” ಎಂದಿರಿ. ಅಷ್ಟೇ.

ಆಮೇಲೆ ಎರಡು ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ದೂರದ ಗುರಿಹಲಗೆಯನ್ನು ನೋಡುವಂತೆ ಅಕ್ಷಿತಾಳಿಗೆ ಹೇಳಿದಿರಿ. ಎಡಗಣ್ಣು ಮುಚ್ಚಿದರೆ ಹಲಗೆ ಮಾಯ. ಬಲಗಣ್ಣು ಮುಚ್ಚಿದರೆ ಹಲಗೆ ಅಲ್ಲೇ. ಕೆಲವರಿಗೆ ಕೈ ಬಲವಾದರೂ ಗುರಿ ಹಿಡಿಯುವ ಕಣ್ಣು ಎಡವಾಗಿರುತ್ತದೆ, ಅಂಥವರು ಎಡಗೈಯಲ್ಲೇ ಎಳೆಯಬೇಕು, ಅವರಿಗೆ ಬಿಲ್ಲೇ ಬೇರೆ ಎಂದು ತಾವು ವಿವರಿಸಿದಿರಿ. “ಅದಕ್ಕೇ ಚೀಟಿಯಲ್ಲಿ ಲೆಫ್ಟ್ ಅಂತ ಬರ್ದಿದ್ದೆನಲ್ಲ ಅಂಕಲ್. ಎಲ್.”

ದೇಯಿ ನನ್ನ ಕಡೆ ತಿರುಗಿ “ಲಾರ್ಜ್,” ಎಂದಳು. ಆ ಒಂದು ಶಬ್ದವನ್ನು ಅವಳು ಅಂದಿನಿಂದ ಇಂದಿನವರೆಗೆ, ಸಾಂಬಾರಿಗೆ ಉಪ್ಪು ಹೆಚ್ಚಾದಾಗ ಕೂಡ, ನನ್ನ ಮೇಲೆ ಪ್ರಯೋಗಿಸುತ್ತಿದ್ದಾಳೆ. ಈ ಹಾನಿಗೆ ತಾವು ಹೊಣೆ. ಒಂದು ಪದವನ್ನು ಪೂರ್ತಿ ಬರೆಯಲು ಎಷ್ಟು ಶಾಯಿ ಬೇಕು?

ಮುಂದಿನದ್ದನ್ನು ತಾವು ಬಲ್ಲಿರಿ, ಓಣಿಯವರಿಗಾಗಿ ಬರೆಯುತ್ತೇನೆ. ಮೂರು ವಾರ ಅವಳು ಬಿಲ್ಲು ಮುಟ್ಟಲಿಲ್ಲ. ಕೈಯ ನೇರಳೆ ಹಸಿರಾಗಿ, ಹಸಿರು ಹಳದಿಯಾಗಿ ಹೋಗುವವರೆಗೆ ಬರೀ ರಬ್ಬರ್ ಪಟ್ಟಿ ಎಳೆಯುವ ಅಭ್ಯಾಸ. ಮೊದಮೊದಲು ಪಟ್ಟಿ ಬಿಡುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಚೆಂಡು ಬರುವಾಗ ಮುಚ್ಚಿದ ಹಾಗೆ. ಅದನ್ನು ನೋಡುತ್ತಾ ಗೆರೆಯ ಹಿಂದಿನ ಬೆಂಚಿನಲ್ಲಿ ಕೂತಿರುವುದು ನನ್ನ ಶಿಕ್ಷೆಯಾಗಿತ್ತು. ಅದನ್ನು ತಾವು ವಿಧಿಸಲಿಲ್ಲ, ನಾನೇ ಕೂತೆ. ಜೂನಿನಲ್ಲಿ ಮಳೆ ಹಿಡಿದು ತರಗತಿ ಮೈದಾನದ ಪಕ್ಕದ ಶಾಲೆಯ ಸಭಾಂಗಣದೊಳಗೆ ಬಂದ ಮೇಲೆ, ಮುಂಗೈಗೆ ದಪ್ಪ ಕವಚ ಕಟ್ಟಿ, ತಮ್ಮ ಆ ಹದಿನಾಲ್ಕು ಪೌಂಡಿನ ಎಡಗೈ ಬಿಲ್ಲನ್ನು ಮತ್ತೆ ಅವಳ ಕೈಗೆ ಕೊಟ್ಟಿರಿ. ಮೊದಲ ಬಾಣ ಹಲಗೆಯ ಹಿಂದೆ ಕಟ್ಟಿದ್ದ ಪರದೆಗೆ. ಎರಡನೆಯದೂ ಪರದೆಗೆ. ಅವಳು ನನ್ನ ಕಡೆ ನೋಡಿದಳು. “ಇನ್ನೂ ಸ್ವಲ್ಪ” ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಕೊಡೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನುಂಗಿದೆ. ಮೂರನೆಯ ಬಾಣ ಹಲಗೆಯ ಅಂಚಿಗೆ, ನೀಲಿಯ ಹೊರಗೆ, ಕಪ್ಪಿಗೆ ತಾಗಿತು. ಅವಳ ಕಣ್ಣು ತೆರೆದೇ ಇತ್ತು. ಜುಲೈ ಕೊನೆಗೆ ನಡೆದ ಪುಟ್ಟ ಸ್ಪರ್ಧೆಯಲ್ಲಿ ಹನ್ನೊಂದು ಮಂದಿಯಲ್ಲಿ ಐದನೆಯವಳಾದಳು. ಐದನೆಯ ಸ್ಥಾನಕ್ಕೆ ಸಿಹಿ ಹಂಚುವ ಪದ್ಧತಿ ಈ ಊರಿನಲ್ಲಿ ಇಲ್ಲದಿದ್ದರೂ, ಅಂದು ನಮ್ಮ ಓಣಿಯ ಪ್ರತಿ ಮನೆಗೆ ಲಾಡು ಯಾಕೆ ಬಂತೆಂದು ಬಳಗದವರು ಈಗ ತಿಳಿಯಬಹುದು.

ಮೂವತ್ತೆಂಟು ಪೌಂಡಿನದ್ದನ್ನು ತಾವು ಸಂಜೆಯ ತರಗತಿಗೆ ಬರುವ, ಕಾಟಿಪಳ್ಳದ ಲಾರಿ ಮಾಲೀಕ ಇಜಾಝ್ ಎಂಬವರಿಗೆ ದಾಟಿಸಿದಿರಿ. ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಆಳು ಅವರು; ಅವರ ಕೈಯಲ್ಲಿ ಅದು ಸೊಗಸಾಗಿ ಹೊಡೆಯುತ್ತದೆ. ಆರಿಸಿದ್ದು ನಾನೇ ಎಂದು ಅವರಿಗೆ ಎರಡು ಸಲ ತಿಳಿಸಿದ್ದೇನೆ.

ಕೊನೆಗೆ ಸೆಪ್ಟೆಂಬರಿನಲ್ಲಿ, ಇನ್ನು ಅವಳದ್ದೇ ಬಿಲ್ಲು ಕೊಳ್ಳಬಹುದೆಂದು ತಾವು ಅಪ್ಪಣೆ ಕೊಟ್ಟಿರಿ. “ನೀವೂ ಬನ್ನಿ ಅಂಕಲ್. ಆದ್ರೆ ಅಂಗಡಿಯಲ್ಲಿ ಮಾತಾಡ್ಲಿಕ್ಕಿಲ್ಲ,” ಎಂಬ ಷರತ್ತಿನೊಡನೆ. ಇದು ಮೂರನೆಯ ಅಪರಾಧ. ಸಂವಿಧಾನಕ್ಕೆ ವಿರುದ್ಧವೆಂದು ನನ್ನ ನಂಬಿಕೆ. ಅಫ್ರೋಝನ ಅಂಗಡಿಯಲ್ಲಿ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅವನು ಅಕ್ಷಿತಾಳ ಎರಡು ಕೈ ಚಾಚಿಸಿ ಅಳೆದು, ಎಡಗೈಯವರ ನಾಲ್ಕು ಬಿಲ್ಲು ತಂದಿಟ್ಟ. ಕೆಂಪು ಬಣ್ಣದ್ದೊಂದು ಹೊಸ ಕಾರಿನ ಹಾಗೆ ಹೊಳೆಯುತ್ತಿತ್ತು. ಅವಳು ಮೊದಲು ಅದನ್ನೇ ಎತ್ತಿದಳು, ಎಳೆದಳು, ಹಿಡಿದಳು, ತಾನಾಗಿ ಕೆಳಗಿಟ್ಟಳು. ಎರಡನೆಯದು ಉದ್ದವಾಯಿತು. ಮೂರನೆಯದರ ಹಿಡಿ ಅವಳ ಬೆರಳಿಗೆ ದಪ್ಪ. ನಾಲ್ಕನೆಯದು ಮಾಸಿದ ಕಂದು ಮರದ್ದು, ಒಂದು ಗೆರೆ ಚಿತ್ತಾರವೂ ಇಲ್ಲದ್ದು, ಹದಿನಾರು ಪೌಂಡಿನದ್ದು. ಅದನ್ನು ಅವಳು ಬಹಳ ಹೊತ್ತು ಹಿಡಿದು ನಿಂತಳು. ಆಮೇಲೆ ಅಫ್ರೋಝನನ್ನೂ ತಮ್ಮನ್ನೂ ಬಿಟ್ಟು ನನ್ನ ಕಡೆ ತಿರುಗಿ, “ಅಜ್ಜ, ಇದು ಆಗ್ಬಹುದಾ?” ಎಂದು ಕೇಳಿದಳು.

ನಾನು ತಮ್ಮ ಮುಖ ನೋಡಿದೆ. ತಾವು ಸುಮ್ಮನೆ ತಲೆಯಾಡಿಸಿ ನನಗೆ ಮಾತು ಮರಳಿಸಿದಿರಿ. ಮಾತೇನೋ ಬಂತು, ಹೇಳಬೇಕಾದದ್ದು ಮಾತ್ರ ಅಂಗಡಿಯವನಾಗಿದ್ದ ಕಾಲದಲ್ಲಿ ನಾನು ಯಾರ ಮುಂದೆಯೂ ಹೇಳದ ಮಾತಾಗಿತ್ತು.

“ನಂಗೆ ಗೊತ್ತಿಲ್ಲ ಮಗಾ. ನಿನ್ನ ಕೈಗೆ ಹೇಗುಂಟು, ನೀನೇ ಹೇಳು.”

ಅವಳು ಇನ್ನೊಮ್ಮೆ ಎಳೆದು ನೋಡಿ, ಯೋಚಿಸಿ ಹೇಳಿದಳು: “ಕೈಯಲ್ಲಿ ಬಿಲ್ಲು ಉಂಟು ಅಂತಲೇ ಗೊತ್ತಾಗುದಿಲ್ಲ ಅಜ್ಜ. ಹಲಗೆ ಮಾತ್ರ ಕಾಣ್ತದೆ.”

ಅಫ್ರೋಝ್ ಬೇರೇನೂ ಕೇಳದೆ ಪೊಟ್ಟಣ ಕಟ್ಟತೊಡಗಿದ. ನಾನು ಮಳೆ ನಿಂತಿದೆಯೇ ಎಂದು ನೋಡಲು ಹೊರಗೆ ಹೋದೆ. ಮಳೆ ಬಂದೇ ಇರಲಿಲ್ಲ.

ಆದ್ದರಿಂದ ಮಾನ್ಯರಲ್ಲಿ ಪ್ರಾರ್ಥನೆ ಏನೆಂದರೆ, ಇನ್ನು ಮುಂದೆ ಅಜ್ಜಂದಿರನ್ನು ಇಷ್ಟು ಸೌಜನ್ಯದಿಂದ ಸೋಲಿಸಬಾರದು. ಒಂದೆರಡು ಗಟ್ಟಿ ಮಾತು ಬೈದು ನಮಗೂ ಕೋಪಿಸಿಕೊಳ್ಳಲು ಅವಕಾಶ ಕೊಡಬೇಕು. ಹನ್ನೊಂದು ಮಕ್ಕಳ ನೆನಪಿನಿಂದ ಆ ‘ಒಂದು, ಎರಡು, ಮೂರು’ ಅನ್ನು ಅಳಿಸಿಹಾಕಬೇಕು. ಅದು ಸಾಧ್ಯವಾಗದಿದ್ದರೆ, ಮುಂದಿನ ಬೇಸಗೆಯಲ್ಲಿ ಹೊಸ ಪಾಲಕರು ಯಾರಾದರೂ ತಮ್ಮ ಮಗುವಿಗೆ ದೊಡ್ಡ ಬಿಲ್ಲು ಹೊತ್ತುಕೊಂಡು ಬಂದಾಗ, ದಯವಿಟ್ಟು ಅವರನ್ನು ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಕಳಿಸಿಕೊಡಬೇಕು. ನಾನು ಅವರಿಗೆ ಸಂಕ್ಷಿಪ್ತವಾಗಿ ವಿವರಿಸುತ್ತೇನೆ.

ಹೆಚ್ಚಿನ ದೂರುಗಳನ್ನು ಸದ್ಯಕ್ಕೆ ತಡೆಹಿಡಿದು, ತಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ಐದು ತಿಂಗಳಿಂದ ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಿರುವ,

ತಮ್ಮ ವಿಶ್ವಾಸಿ,
ನೋಣಯ್ಯ
ಶಕ್ತಿನಗರ, ಮಂಗಳೂರು

ತಾ.ಕ.: ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿಬರುತ್ತೇನೆಂದು ಹೇಳಿ ಹೊರಡುವ ನನ್ನ ಪತ್ನಿ, ಕಳೆದ ಒಂದೂವರೆ ತಿಂಗಳಿಂದ ತಮ್ಮ ಮಹಿಳೆಯರ ತರಗತಿಗೆ ಬರುತ್ತಿದ್ದಾಳೆಂದೂ, ಈಗಾಗಲೇ ಇಪ್ಪತ್ತು ಪೌಂಡು ಎಳೆಯುತ್ತಿದ್ದಾಳೆಂದೂ ನಿನ್ನೆ ತಾವು ವಾಟ್ಸಾಪಿನಲ್ಲಿ ಹಾಕಿದ ಫೋಟೊದಿಂದಲೂ ಅದರ ಕೆಳಗಿನ ಬರಹದಿಂದಲೂ ತಿಳಿಯಿತು. ಇಂಥ ಮಾಹಿತಿಯನ್ನು ಗಂಡನಿಗೆ ಮುಂಚಿತವಾಗಿ ಕೊಡುವುದು ಸಂಸ್ಥೆಯ ಕರ್ತವ್ಯವಾಗಿತ್ತು. ಈ ಒಂದೂವರೆ ತಿಂಗಳಲ್ಲಿ ನಾನು ಅವಳೊಡನೆ ಎಷ್ಟು ಸಲ ವಾದಿಸಿದ್ದೇನೆಂದು ನೆನೆದರೆ ಈಗ ಎದೆ ನಡುಗುತ್ತದೆ.